ರಿಜಿಸ್ಟರಿನಲ್ಲಿ ಹೆಸರಿಲ್ಲದವರು

1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ತಂಡವೊಂದು ತುಮಕೂರು ಜಿಲ್ಲೆಯ ಹಳ್ಳಿಗಳನ್ನು ಸುತ್ತುತ್ತಿತ್ತು. ಸಮೀಕ್ಷೆಯಲ್ಲಿ ಕ್ಷಯವಿದೆಯೆಂದು ಗೊತ್ತಾದವರ ಮನೆ ಹುಡುಕಿಕೊಂಡು ಹೋಗುವುದು, ಕೆಮ್ಮು ಶುರುವಾದ ಮೇಲೆ ಅವರು ಎಲ್ಲಿಗೆ ಹೋದರು, ಏನು ಮಾಡಿದರು ಎಂದು ಕೇಳಿ ಬರೆದುಕೊಳ್ಳುವುದು ಆ ತಂಡದ ಕೆಲಸ. ಹಳ್ಳಿಗರಿಗೆ ಈ ರೋಗದ ಅರಿವಿಲ್ಲ, ಅವರು ಆಸ್ಪತ್ರೆಯತ್ತ ಮುಖ ಹಾಕುವುದಿಲ್ಲ ಎಂಬ ನಂಬಿಕೆ ಆಗ ವೈದ್ಯರಲ್ಲಿ ಬೇರೂರಿತ್ತು. ಸಮಾಜವಿಜ್ಞಾನದಲ್ಲಿ ಪಳಗಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಬುಡಮೇಲು ಮಾಡಿತು. ರೋಗಿಗಳಲ್ಲಿ ಬಹುಪಾಲು ಮಂದಿಗೆ ತಮ್ಮ ಲಕ್ಷಣಗಳ ಅರಿವು ಚೆನ್ನಾಗಿಯೇ ಇತ್ತು. ಸುಮಾರು ಅರ್ಧದಷ್ಟು ಜನ ಅದಾಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಲ್ಲಿ ಹೆಚ್ಚಿನವರ ಕಫವನ್ನು ಯಾರೂ ಪರೀಕ್ಷಿಸಿರಲಿಲ್ಲ. ಒಂದು ಬಾಟಲಿ ಕೆಮ್ಮಿನ ಔಷಧ ಕೊಟ್ಟು ಕಳಿಸಿದ್ದರು.

ತಪ್ಪಿದ್ದದ್ದು ಹಳ್ಳಿಯಲ್ಲಲ್ಲ, ಆಸ್ಪತ್ರೆಯಲ್ಲಿ. ಕ್ಷಯಕ್ಕೇ ಮೀಸಲಾದ ದೊಡ್ಡ ಆಸ್ಪತ್ರೆಗಳನ್ನು ನೆಚ್ಚಿಕೊಳ್ಳುವ ಬದಲು, ಕೆಮ್ಮುತ್ತಾ ಬರುವವರ ಕಫವನ್ನು ಅವರು ಮೊದಲು ಬರುವ ಸಾಮಾನ್ಯ ಆಸ್ಪತ್ರೆಯಲ್ಲೇ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕೆಂಬ ಚಿಂತನೆಗೆ ಇಂಥ ಅಧ್ಯಯನಗಳೇ ಬಲ ಕೊಟ್ಟವು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತದ್ದು ಈ ತಳಹದಿಯ ಮೇಲೆ.

1959ರಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ ವೈದ್ಯ, ಸಂಖ್ಯಾಶಾಸ್ತ್ರಜ್ಞ, ಸಮಾಜವಿಜ್ಞಾನಿ ಒಂದೇ ಸೂರಿನಡಿ ಕೆಲಸ ಮಾಡುತ್ತಿದ್ದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಡೆನ್ಮಾರ್ಕಿನ ಹಾಫ್ಡನ್ ಮಾಹ್ಲರ್ ಅವರಿಗೂ ಆ ಬಳಗದ ಒಡನಾಟವಿತ್ತು. ಅಲ್ಲಿ ಯಾರು ಯಾರಿಗೆ ಕಲಿಸಿದರೆಂದು ಹೇಳುವುದು ಕಷ್ಟ. ಅದಕ್ಕೆ ಮಾರ್ಗದರ್ಶನ ಕಾರ್ಯಕ್ರಮವೆಂಬ ಹೆಸರೂ ಇರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ. ಆ ಕಲಿಕೆ ಈಗ ಜಗತ್ತಿನಾದ್ಯಂತ ಹೆಸರು, ಪಠ್ಯ, ಗಡುವು, ಅನುದಾನಗಳಿರುವ ಕಾರ್ಯಕ್ರಮವಾಗಿ ಬೆಳೆದಿದೆ. ಅಂಥವುಗಳಲ್ಲಿ ಹೆಚ್ಚು ಚರ್ಚೆಗೆ ಬಂದದ್ದು, ಹೆಚ್ಚು ಅನುಕರಣೆಗೆ ಒಳಗಾದದ್ದು 'ಸಾರ್ಟ್ ಇಟ್' ಎಂಬ ಸಂಶೋಧನಾ ತರಬೇತಿ. ಅದು ಏನನ್ನು ಗೆದ್ದಿದೆ, ತುಮಕೂರಿನಲ್ಲಿ ಆದದ್ದರಲ್ಲಿ ಯಾವುದು ಅದರ ಕೈಗೆ ಸಿಕ್ಕಿಲ್ಲ ಎಂಬುದನ್ನು ನೋಡಬೇಕಾಗಿದೆ.

ಸಾರ್ಟ್ ಇಟ್‌ನ ಬೇರು ಆಫ್ರಿಕಾದ ಮಲಾವಿಯಲ್ಲಿದೆ. ಅಲ್ಲಿನ ಕ್ಷಯ ಕಾರ್ಯಕ್ರಮದ ಸಲಹೆಗಾರರಾಗಿದ್ದ ಆಂಥನಿ ಹ್ಯಾರಿಸ್ ಮತ್ತು 'ಗಡಿಗಳಿಲ್ಲದ ವೈದ್ಯರು' (ಎಂಎಸ್‌ಎಫ್) ಸಂಘಟನೆಯ ವೈದ್ಯ ರೋನಿ ಝಕರಾಯ ಅವರಿಗೆ ಕಾರ್ಯಾಚರಣಾ ಸಂಶೋಧನೆಯ ಬೆಲೆ ಗೊತ್ತಾದದ್ದು ಅಲ್ಲೇ. ಹೊಸ ಔಷಧ ಕಂಡುಹಿಡಿಯುವುದು ಈ ಬಗೆಯ ಸಂಶೋಧನೆಯ ಗುರಿಯಲ್ಲ. ಇರುವ ಔಷಧ ರೋಗಿಯ ಕೈಗೆ ಏಕೆ ಸೇರುತ್ತಿಲ್ಲ, ಸೇರಿದರೂ ಏಕೆ ನಾಟುತ್ತಿಲ್ಲ ಎಂದು ಹುಡುಕುವುದು ಅದರ ಕೆಲಸ. ಥ್ಯೋಲೋ ಜಿಲ್ಲೆಯಲ್ಲಿ ಕ್ಷಯರೋಗಿಗಳಿಗೆ ಎಚ್‌ಐವಿ ಪರೀಕ್ಷೆಯ ಜೊತೆಗೆ ತೀರಾ ಅಗ್ಗದ ಕೋಟ್ರಿಮೊಕ್ಸಝೋಲ್ ಮಾತ್ರೆ ಕೊಟ್ಟಾಗ ಸಾವು ಇಳಿಯಿತೆಂದು 2003ರಲ್ಲಿ ಅವರ ತಂಡ ತೋರಿಸಿತು. ಅದಕ್ಕೆ ಹೊಸ ಪ್ರಯೋಗಾಲಯವೇನೂ ಬೇಕಾಗಲಿಲ್ಲ. ಎಚ್ಚರದಿಂದ ತುಂಬಿದ ರಿಜಿಸ್ಟರು, ಹಿಂದಿನ ವರ್ಷಗಳ ಜೊತೆ ಹೋಲಿಕೆ, ಸರಿಯಾದ ಪ್ರಶ್ನೆ, ಇಷ್ಟೇ ಸಾಕಾಯಿತು.

ಈ ಅನುಭವವನ್ನೇ ಪಾಠವಾಗಿಸಿ 2009ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಕೋರ್ಸು ನಡೆಯಿತು. ಕ್ಷಯ ಮತ್ತು ಶ್ವಾಸಕೋಶ ರೋಗಗಳ ವಿರುದ್ಧ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಘಟನೆ 'ದಿ ಯೂನಿಯನ್' ಮತ್ತು ಎಂಎಸ್‌ಎಫ್ ಅದನ್ನು ಕಟ್ಟಿದವು. ಕೆಲವೇ ವರ್ಷಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿರುವ ಉಷ್ಣವಲಯ ರೋಗಗಳ ಸಂಶೋಧನಾ ಕಾರ್ಯಕ್ರಮ 'ಟಿಡಿಆರ್' ಅದರ ಸಮನ್ವಯದ ಹೊಣೆ ಹೊತ್ತಿತು. ಭಾರತಕ್ಕೂ ಅದು ಬೇಗ ಬಂತು. ಯೂನಿಯನ್‌ನ ದೆಹಲಿ ಕಚೇರಿ, ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ), ಚೆನ್ನೈನ ಕ್ಷಯ ಸಂಶೋಧನಾ ಸಂಸ್ಥೆಗಳ ಜೊತೆ ಈ ಮಾದರಿಗೆ ಕೈಜೋಡಿಸಿದ್ದು ಬೆಂಗಳೂರಿನ ಅದೇ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ.

ಕೋರ್ಸಿನ ಕಟ್ಟುನಿಟ್ಟು ನೋಡುವಂಥದ್ದು. ಒಂದು ತಂಡಕ್ಕೆ ಹೆಚ್ಚುಕಡಿಮೆ ಹನ್ನೆರಡು ಮಂದಿ. ಹೆಚ್ಚಿನವರು ಆರೋಗ್ಯ ಕಾರ್ಯಕ್ರಮಗಳಲ್ಲಿ ದಿನನಿತ್ಯ ದುಡಿಯುವವರು, ಸಂಶೋಧನೆಯೇ ವೃತ್ತಿಯಾದವರಲ್ಲ. ಒಂಬತ್ತು ತಿಂಗಳಿಂದ ಒಂದು ವರ್ಷದೊಳಗೆ ಅವರು ಮೂರು ಸಲ ಸೇರುತ್ತಾರೆ, ಪ್ರತಿ ಸಲವೂ ಸುಮಾರು ಒಂದು ವಾರ. ಮೊದಲ ವಾರದಲ್ಲಿ ಪ್ರಶ್ನೆ ಮತ್ತು ಯೋಜನೆ ಸಿದ್ಧವಾಗಬೇಕು. ಎರಡನೆಯದರಲ್ಲಿ 'ಎಪಿಡೇಟಾ' ಎಂಬ ಉಚಿತ ತಂತ್ರಾಂಶದಲ್ಲಿ ದತ್ತಾಂಶ ತುಂಬುವುದು, ವಿಶ್ಲೇಷಿಸುವುದು. ಮೂರನೆಯದು ಪೂರ್ತಿ ಬರವಣಿಗೆಗೆ. ಆಮೇಲೆ ನಾಲ್ಕು ವಾರದೊಳಗೆ ಲೇಖನ ಯಾವುದಾದರೂ ಪರಿಣತರು ಪರಿಶೀಲಿಸುವ ಪತ್ರಿಕೆಗೆ ಹೋಗಿರಬೇಕು. ಒಂದು ಹಂತದ ಗಡುವು ತಪ್ಪಿದವರಿಗೆ ಮುಂದಿನ ಹಂತಕ್ಕೆ ಪ್ರವೇಶವಿಲ್ಲ.

ಇದು ಕಠಿಣವೆನಿಸಬಹುದು. ಆದರೆ ಈ ಕಾರ್ಯಕ್ರಮದ ಜೀವ ಇರುವುದು ಗಡುವಿಗಿಂತ ಹೆಚ್ಚಾಗಿ ಪಕ್ಕದ ಕುರ್ಚಿಯಲ್ಲಿ. ಮೂರು ನಾಲ್ಕು ಮಂದಿಯ ಗುಂಪಿಗೆ ಅನುಭವಿ ಮಾರ್ಗದರ್ಶಕರು ಇಬ್ಬರಾದರೂ ಇರುತ್ತಾರೆ. ಅವರು ವೇದಿಕೆಯಿಂದ ಉಪನ್ಯಾಸ ಕೊಟ್ಟು ಎದ್ದುಹೋಗುವವರಲ್ಲ. ಕಲಿಯುವವರ ಕಂಪ್ಯೂಟರಿನ ಮುಂದೆ ಕೂತು, ಕೋಷ್ಟಕದ ಒಂದೊಂದು ಸಾಲನ್ನೂ ನೋಡಿ, ಒಟ್ಟು ಮೊತ್ತ ಏಕೆ ಹೊಂದುತ್ತಿಲ್ಲ ಎಂದು ಕೇಳುತ್ತಾರೆ. ರಾತ್ರಿ ಹೊತ್ತು ಮೀರಿದ ಮೇಲೂ ಕರಡು ತಿದ್ದುತ್ತಾರೆ. ಮರುದಿನ ಇಡೀ ಗುಂಪಿನ ಎದುರು ಆ ಕೆಲಸವನ್ನು ಮಂಡಿಸಬೇಕು. ಅಲ್ಲಿ ಎಲ್ಲರೂ ಎಲ್ಲರನ್ನೂ ಪ್ರಶ್ನಿಸಬಹುದು. ಲೇಖನದ ಮೊದಲ ಹೆಸರು ಕಲಿಯುವವರದೇ. ಆರಂಭದ ಕೋರ್ಸುಗಳಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಮಂದಿ ಕೊನೆಯ ಗಡುವನ್ನೂ ದಾಟಿದ್ದಕ್ಕೆ ಕಾರಣ ಈ ಒಡನಾಟ. ಹಾಗೆ ದಾಟಿದವರಲ್ಲಿ ಕೆಲವರು ಮುಂದಿನ ಕೋರ್ಸಿಗೆ ಕಿರಿಯ ಮಾರ್ಗದರ್ಶಕರಾಗಿ ಮರಳಿ ಬರುತ್ತಾರೆ. ಕಲಿಸುತ್ತಾ ಕಲಿಯುವ ಈ ಎರಡನೆಯ ಸುತ್ತಿಗೆ ಸಿಗಬೇಕಾದಷ್ಟು ಗಮನ ಇನ್ನೂ ಸಿಕ್ಕಿಲ್ಲ.

ನಮ್ಮ ವೈದ್ಯಕೀಯ ಕಾಲೇಜುಗಳ ಪಕ್ಕದಲ್ಲಿಟ್ಟು ನೋಡಿದಾಗ ಇದರ ಬೆಲೆ ಸರಿಯಾಗಿ ಗೊತ್ತಾಗುತ್ತದೆ. ಸಮೀರನ್ ನಂದಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ 2005ರಿಂದ 2014ರವರೆಗಿನ ಹತ್ತು ವರ್ಷಗಳ ಲೆಕ್ಕ ತೆಗೆಯಿತು. ಸ್ಕೋಪಸ್ ದತ್ತಸಂಚಯದ ಪ್ರಕಾರ, ದೇಶದ 579 ವೈದ್ಯಕೀಯ ಸಂಸ್ಥೆಗಳಲ್ಲಿ 332 ಸಂಸ್ಥೆಗಳಿಂದ ಆ ದಶಕದಲ್ಲಿ ಒಂದೇ ಒಂದು ಸಂಶೋಧನಾ ಲೇಖನವೂ ಹೊರಬಂದಿರಲಿಲ್ಲ. ವರ್ಷಕ್ಕೆ ನೂರಕ್ಕಿಂತ ಹೆಚ್ಚು ಲೇಖನ ತಂದವು 25 ಮಾತ್ರ. ಕರ್ನಾಟಕ ಮತ್ತು ಕೇರಳದ ಕಾಲೇಜುಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಸಂಸ್ಥೆಗಳ ಖಾತೆ ಖಾಲಿ ಎಂದು ಆ ಅಧ್ಯಯನ ಹೇಳಿತು. ದೇಶಕ್ಕೆ ಇಷ್ಟೊಂದು ವೈದ್ಯರನ್ನು ಕೊಡುವ ನಮ್ಮ ರಾಜ್ಯಕ್ಕೆ ಇದು ನೋವಿನ ಸಂಗತಿ.

ಈ ಕಾಲೇಜುಗಳಲ್ಲಿ ಗೈಡ್ ಇಲ್ಲವೆಂದೇನಲ್ಲ. ಪಿ.ಜಿ. ಮಾಡುವ ಪ್ರತಿಯೊಬ್ಬರೂ ಥೀಸಿಸ್ ಬರೆಯಲೇಬೇಕು, ಪ್ರತಿ ಥೀಸಿಸ್ಸಿಗೂ ಒಬ್ಬ ಗೈಡ್ ಇರಲೇಬೇಕು. ಆದರೆ ಎಷ್ಟೋ ಕಡೆ ಆ ಸಂಬಂಧ ವಿಷಯ ಸೂಚಿಸುವುದರಿಂದ ಶುರುವಾಗಿ ಸಹಿಯಲ್ಲಿ ಮುಗಿಯುತ್ತದೆ. ನಡುವೆ ಕೋಷ್ಟಕದ ಮುಂದೆ ಇಬ್ಬರೂ ಕೂತ ಗಳಿಗೆಯೇ ಇರುವುದಿಲ್ಲ. ಐಸಿಎಂಆರ್ 1979ರಲ್ಲಿ ಆರಂಭಿಸಿದ, ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನೆಯ ಅವಕಾಶ ಕೊಡುವ ಎಸ್‌ಟಿಎಸ್ ಯೋಜನೆ ಎಷ್ಟೋ ಹುಡುಗ ಹುಡುಗಿಯರಿಗೆ ಮೊದಲ ರುಚಿ ಹತ್ತಿಸಿದೆ. ಅಲ್ಲೂ ಫಲ ನಿಂತಿರುವುದು ಗೈಡ್ ಕೊಡುವ ಸಮಯದ ಮೇಲೆ. ಪಿ.ಜಿ. ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಕಡ್ಡಾಯವಾದ, ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ನಡೆಸುವ ಆನ್‌ಲೈನ್ ಕೋರ್ಸು ತಿಳಿವಳಿಕೆಯನ್ನು ಲಕ್ಷಾಂತರ ಪರದೆಗಳಿಗೆ ಒಯ್ಯಬಲ್ಲದು. ತನ್ನದೇ ರಿಜಿಸ್ಟರು ಹಿಡಿದು ಗೊಂದಲದಲ್ಲಿ ಕೂತವಳ ಪಕ್ಕದಲ್ಲಿ ಕೂರುವ ಕೆಲಸ ಮಾತ್ರ ವಿಡಿಯೊ ಪಾಠದ ಅಳವಿಗೆ ಮೀರಿದ್ದು.

ಪಕ್ಕದಲ್ಲಿ ಕೂರುವವರಿಗೆ ನಮ್ಮ ನಿಯಮಗಳು ಕೊಡುವ ಬೆಲೆಯೂ ಕಡಿಮೆ. ಬಡ್ತಿಗೆ ಲೇಖನ ಎಣಿಸುವಾಗ ಮೊದಲ ಇಬ್ಬರು ಲೇಖಕರನ್ನು ಮಾತ್ರ ಪರಿಗಣಿಸಬೇಕೆಂದು 2015ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಹೇಳಿತ್ತು. ವಿಜ್ಞಾನ ಲೇಖನಗಳಲ್ಲಿ ಮಾರ್ಗದರ್ಶಕರ ಹೆಸರು ಸಾಮಾನ್ಯವಾಗಿ ಬರುವುದು ಕೊನೆಯಲ್ಲಿ. ಶಿಷ್ಯೆಯನ್ನು ಮುಂದೆ ನಿಲ್ಲಿಸಿ ತಾವು ಹಿಂದೆ ಸರಿದ ಅಧ್ಯಾಪಕರ ದುಡಿಮೆ ಆ ಲೆಕ್ಕದಲ್ಲಿ ಸೊನ್ನೆ! ನಿಯಮ ಮುಂದೆ ಬದಲಾಯಿತು, ಆದರೆ ಅದು ಕಲಿಸಿದ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಮಾರ್ಗದರ್ಶನಕ್ಕೆ ಸಂಸ್ಥೆಗಳ ಬೆಂಬಲ ಸಾಲದೆಂಬ ಮಾತನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರೂ ಸೇರಿದ ಅಂತರರಾಷ್ಟ್ರೀಯ ಬಳಗವೊಂದು 2019ರಲ್ಲಿ ಉಷ್ಣವಲಯ ವೈದ್ಯಕೀಯದ ಅಮೆರಿಕನ್ ಪತ್ರಿಕೆಯಲ್ಲಿ ಎತ್ತಿತ್ತು. ಅದು ಸರಿಯಾದ ಮಾತು, ನಮ್ಮ ಕಾಲೇಜುಗಳ ಆಡಳಿತ ಮಂಡಳಿಗಳು ಓದಬೇಕಾದ ಮಾತು.

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೂ ಸಾರ್ಟ್ ಇಟ್ ಬಗ್ಗೆ ಎರಡು ತಕರಾರುಗಳು ಉಳಿಯುತ್ತವೆ.

ಒಂದು ವರ್ಷದೊಳಗೆ ಲೇಖನ ಮುಗಿಯಬೇಕೆಂದರೆ ಹೊಸದಾಗಿ ದತ್ತಾಂಶ ಕಲೆಹಾಕಲು ಪುರಸೊತ್ತಿಲ್ಲ. ಹಾಗಾಗಿ ಬಹುತೇಕ ಅಧ್ಯಯನಗಳು ಈಗಾಗಲೇ ತುಂಬಿಟ್ಟ ರಿಜಿಸ್ಟರು, ಚಿಕಿತ್ಸಾ ಕಾರ್ಡುಗಳನ್ನೇ ನೆಚ್ಚುತ್ತವೆ. ಇದರಿಂದ ಒಳ್ಳೆಯದೂ ಆಗಿದೆ. ಯಾರೂ ತಿರುಗಿ ನೋಡದೆ ಧೂಳು ಹಿಡಿಯುವ ದಾಖಲೆಗಳಿಗೆ ಮಾತು ಬಂದಿದೆ, ದಾಖಲೆ ಬರೆಯುವವರ ಎಚ್ಚರವೂ ಹೆಚ್ಚಿದೆ. ಕಾರ್ಯಕ್ರಮದ ಒಳಗೇ ದಿನನಿತ್ಯದ ಸಿಬ್ಬಂದಿ ಮಾಡುವ ಅಧ್ಯಯನ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಯೂನಿಯನ್ ಬಳಗದವರೂ ಕೈಜೋಡಿಸಿದ್ದ ಭಾರತದ ಕ್ಷಯ–ಮಧುಮೇಹ ಅಧ್ಯಯನ ಸಾಕ್ಷಿ. 2012ರಲ್ಲಿ ದೇಶದ ಬೇರೆಬೇರೆ ಆಸ್ಪತ್ರೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಕ್ಷಯರೋಗಿಗಳ ಸಕ್ಕರೆ ಪರೀಕ್ಷಿಸಿದಾಗ ಶೇಕಡಾ 13ರಷ್ಟು ಮಂದಿಗೆ ಮಧುಮೇಹವಿರುವುದು ಕಂಡಿತು. ಕ್ಷಯರೋಗಿಗಳಿಗೆ ಸಕ್ಕರೆ ಪರೀಕ್ಷೆ ಮುಂದೆ ರಾಷ್ಟ್ರೀಯ ಕಾರ್ಯಕ್ರಮದ ಭಾಗವಾಯಿತು.

ಆದರೆ ರಿಜಿಸ್ಟರಿನಲ್ಲಿರುವುದು ಆಸ್ಪತ್ರೆಗೆ ಬಂದವರ, ಬಂದು ಗುರುತಾದವರ ಹೆಸರು. ಕೆಮ್ಮಿನ ಔಷಧ ಹಿಡಿದು ಮನೆಗೆ ಮರಳಿದವರ ಹೆಸರು ಕ್ಷಯದ ಪುಸ್ತಕದಲ್ಲಿ ಇರುವುದಿಲ್ಲ. ತುಮಕೂರಿನ ರೋಗಿಗಳು ಬ್ಯಾನರ್ಜಿ ಮತ್ತು ಆಂಡರ್ಸನ್ ಅವರಿಗೆ ಸಿಕ್ಕಿದ್ದು ಮನೆಗಳಲ್ಲಿ, ರಿಜಿಸ್ಟರಿನಲ್ಲಲ್ಲ. ಅಂದಿನ ಅಧ್ಯಯನ ಈಗಿನ ಗಡುವಿನ ಚೌಕಟ್ಟಿಗೆ ಒಳಪಟ್ಟಿದ್ದರೆ, ಬಂದವರಲ್ಲಿ ಎಷ್ಟು ಮಂದಿ ಚಿಕಿತ್ಸೆ ಪೂರೈಸಿದರು ಎಂಬ ಪ್ರಶ್ನೆಗೆ ಸೊಗಸಾದ ಉತ್ತರ ಸಿಗುತ್ತಿತ್ತು, ಬಂದೂ ಬರಿಗೈಯಲ್ಲಿ ಹೋದವರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ರಿಜಿಸ್ಟರು ಉತ್ತರಿಸಬಲ್ಲ ಪ್ರಶ್ನೆಯನ್ನು ಚೆನ್ನಾಗಿ ಉತ್ತರಿಸುವುದನ್ನು ಸಾರ್ಟ್ ಇಟ್ ಕಲಿಸುತ್ತದೆ. ರಿಜಿಸ್ಟರಿಗೇ ಹೊಳೆಯದ ಪ್ರಶ್ನೆಯನ್ನು ಕೇಳಲು ಕಲಿಸುವಷ್ಟು ಹೊತ್ತು ಅದರ ಬಳಿ ಇಲ್ಲ. ಲೇಖನ ಹೋಯಿತೇ ಇಲ್ಲವೇ ಎಂಬುದೇ ಗೆಲುವಿನ ಅಳತೆಯಾದಾಗ, ಒಂಬತ್ತು ತಿಂಗಳಲ್ಲಿ ಮುಗಿಯುವ ಪ್ರಶ್ನೆಯತ್ತ ಮಾರ್ಗದರ್ಶಕರ ಮನಸ್ಸೂ ವಾಲುತ್ತದೆ. ಅದರಲ್ಲಿ ಅವರ ತಪ್ಪಿಲ್ಲ, ಅಳತೆಗೋಲೇ ಹಾಗಿದೆ.

ಎರಡನೆಯ ತಕರಾರು ಭಾಷೆಯದು. ಮೂರನೆಯ ವಾರ ಪೂರ್ತಿ ಇಂಗ್ಲಿಷ್ ಬರವಣಿಗೆಗೆ ಮೀಸಲು. ಒಂದು ತಾಲ್ಲೂಕಿನ ರೋಗಿಗಳ ಬಗ್ಗೆ ಬರೆದದ್ದು ಆ ತಾಲ್ಲೂಕಿನ ಆಶಾ ಕಾರ್ಯಕರ್ತೆಗೆ, ಕಫದ ಡಬ್ಬಿ ಹೊತ್ತು ತಿರುಗುವ ಸಿಬ್ಬಂದಿಗೆ ತಲುಪುವ ದಾರಿಯೇ ಬಹುಕಾಲ ಕೋರ್ಸಿನ ನಕ್ಷೆಯಲ್ಲಿರಲಿಲ್ಲ. ಇತ್ತೀಚೆಗೆ ಇದು ಬದಲಾಗುತ್ತಿರುವುದು ಸಂತೋಷದ ವಿಷಯ. ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ ಸೋಂಕುಗಳ ಬಗ್ಗೆ ಘಾನಾ, ನೇಪಾಳ, ಸಿಯೆರಾ ಲಿಯೋನ್, ಉಗಾಂಡಾ ಮುಂತಾದ ದೇಶಗಳಲ್ಲಿ ನಡೆದ ಕೋರ್ಸುಗಳಿಗೆ ಟಿಡಿಆರ್ ನಾಲ್ಕನೆಯ ಹಂತವೊಂದನ್ನು ಸೇರಿಸಿತು. ಕಂಡುಕೊಂಡದ್ದನ್ನು ಅಧಿಕಾರಿಗಳಿಗೂ ಸಾಮಾನ್ಯರಿಗೂ ಸರಳ ಮಾತಿನಲ್ಲಿ, ಚಿಕ್ಕ ಕರಪತ್ರದಲ್ಲಿ ಹೇಳುವುದನ್ನು ಅಲ್ಲಿ ಕಲಿಸುತ್ತಾರೆ. ಕರ್ನಾಟಕದಲ್ಲಿ ಮುಂದೆ ನಡೆಯುವ ಯಾವುದೇ ಕೋರ್ಸಿನಲ್ಲೂ ಈ ಹಂತ ಕನ್ನಡದಲ್ಲೇ ನಡೆಯಬೇಕು. ಆಗ ಲೇಖನದ ಮೊದಲ ಓದುಗರು ದೂರದ ಸಂಪಾದಕರಾಗದೆ ಪಿಎಚ್‌ಸಿಯ ಲ್ಯಾಬ್ ಟೆಕ್ನಿಷಿಯನ್ ಆಗಬಹುದು. ಲೆಕ್ಕ ಎಲ್ಲಿ ತಪ್ಪಿದೆಯೆಂದು ಬೇರೆ ಎಲ್ಲರಿಗಿಂತ ಮೊದಲು ಹೇಳಬಲ್ಲವರೂ ಅವರೇ.

ನಾಲ್ಕನೆಯ ಹಂತ ಸೇರಿದ ಹಾಗೆ ಮೊದಲ ಹಂತಕ್ಕೂ ಮುಂಚೆ ಇನ್ನೊಂದು ವಾರ ಸೇರಲಿ. ಆ ವಾರ ಕಂಪ್ಯೂಟರು ಬೇಡ. ಕಲಿಯುವವರೂ ಮಾರ್ಗದರ್ಶಕರೂ ಜೊತೆಯಾಗಿ ಆಶಾ ಕಾರ್ಯಕರ್ತೆಯ ಹಿಂದೆ ನಡೆದು, ಕೆಮ್ಮುತ್ತಿರುವವರ ಹತ್ತಿಪ್ಪತ್ತು ಮನೆಗಳ ಜಗಲಿಯ ಮೇಲೆ ಕೂತು, ಅವರು ಎಲ್ಲೆಲ್ಲಿಗೆ ಹೋಗಿ ಬಂದರೆಂದು ಕೇಳಿಕೊಂಡು ಬರಲಿ. ಪ್ರಶ್ನೆ ಬರೆಯುವುದು ಆಮೇಲೆ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಈಗಲೂ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲೇ ಇದೆ. ಅಲ್ಲಿಂದ ತುಮಕೂರು ಎಪ್ಪತ್ತು ಕಿಲೋಮೀಟರಿನಷ್ಟು ದೂರ. ಬೆಳಿಗ್ಗೆ ಹೊರಟರೆ ತಿಂಡಿಯ ಹೊತ್ತಿಗೆ ಮೊದಲ ಹಳ್ಳಿ ತಲುಪಬಹುದು.