ಶ್ರೀರಂಗಪಟ್ಟಣದಿಂದ ಹೋದ ವಜ್ರ

ಪತ್ತೇದಾರಿ ಕಾದಂಬರಿ ಓದುವ ಶ್ರಾವಕನಿಗೆ ಎದುರಾಗುವ ಆಕ್ಷೇಪ ಹಳೆಯದು. ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವ ದುಃಶ್ರುತಿಯನ್ನು ಸಮಂತಭದ್ರಾಚಾರ್ಯರು ಅನರ್ಥದಂಡದ ಐದು ಬಗೆಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಕಳ್ಳತನದ ಕಥೆಯನ್ನು ಮಧ್ಯಾಹ್ನದ ಬಿಡುವಿನಲ್ಲಿ ಸವಿಯುವುದು ಇದಕ್ಕೆ ಸೇರುವುದಿಲ್ಲವೆ? ಚಿಕ್ಕಬಳ್ಳಾಪುರದ ಅಂಗಡಿಯ ಗಲ್ಲಾದ ಹಿಂದೆ ಕುಳಿತು ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ ಕಾದಂಬರಿಯನ್ನು ಎರಡನೆಯ ಬಾರಿ ಓದಿ ಮುಗಿಸಿದ ನಾನು ಇದಕ್ಕೆ ಉತ್ತರ ಹೇಳಬೇಕಾಗಿದೆ.

1868ರಲ್ಲಿ ಚಾರ್ಲ್ಸ್ ಡಿಕನ್ಸನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕೃತಿ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನದು. ಆದರೆ ಕಥೆಯ ಬೀಜ ಬೀಳುವುದು ನಮ್ಮ ಕಾವೇರಿಯ ದಂಡೆಯಲ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಹರ್ನ್‌ಕ್ಯಾಸಲ್ ಎಂಬ ಅಧಿಕಾರಿ ಅರಮನೆಯ ಆಯುಧಶಾಲೆಯ ಕಾವಲುಗಾರರನ್ನು ಕೊಂದು, ಕಠಾರಿಯ ಹಿಡಿಯಲ್ಲಿದ್ದ ಹಳದಿ ವಜ್ರವನ್ನು ಅಪಹರಿಸುತ್ತಾನೆ. ಅದು ಸೋಮನಾಥದ ಚಂದ್ರದೇವನ ವಿಗ್ರಹದಲ್ಲಿದ್ದ ವಜ್ರವೆಂದು ಕಥೆ. ವಜ್ರ ಕಲ್ಪಿತ, ಲೂಟಿ ಕಲ್ಪಿತವಲ್ಲ. ಟಿಪ್ಪುವಿನ ಚಿನ್ನದ ಸಿಂಹಾಸನವನ್ನು ಒಡೆದು ಹಂಚಿದ್ದು ಚರಿತ್ರೆ. ಸಿಪಾಯಿ ಜೇಬಿಗೆ ಹಾಕಿಕೊಂಡರೆ ಗಲ್ಲು, ಸೈನ್ಯವು ಸಮಿತಿ ರಚಿಸಿ ದರ್ಜೆಯ ಪ್ರಕಾರ ಹಂಚಿಕೊಂಡರೆ ಬಹುಮಾನ! ಲೆಕ್ಕಶಾಸ್ತ್ರ ಓದಿದ ನನಗೆ ಈ ವ್ಯತ್ಯಾಸ ಇಂದಿಗೂ ಅರ್ಥವಾಗಿಲ್ಲ. 1791ರ ಅಕ್ಟೋಬರ್‌ನಲ್ಲಿ ಅದೇ ಕಂಪೆನಿಯ ಸೈನ್ಯ ನಮ್ಮ ನಂದಿದುರ್ಗವನ್ನೂ ಹಿಡಿದಿತ್ತೆಂಬುದನ್ನು ನೆನೆದು ಓದಿದರೆ, ಕಾದಂಬರಿಯ ಮೊದಲ ಪುಟಗಳು ದೂರದೇಶದವೆನಿಸುವುದಿಲ್ಲ.

ಅಲ್ಲಿಂದ ಕಥೆ 1848ರ ಯಾರ್ಕ್‌ಷೈರಿನ ಒಂದು ಹಳ್ಳಿಯ ಬಂಗಲೆಗೆ ಹೋಗುತ್ತದೆ. ಓದಿನ ಸುಖವೆಲ್ಲ ಇಲ್ಲಿದೆ. ಯಾವ ಕಷ್ಟ ಬಂದರೂ ‘ರಾಬಿನ್ಸನ್ ಕ್ರೂಸೋ’ ತೆರೆದು ಶಕುನ ನೋಡುವ ಮುದಿ ಪಾರುಪತ್ಯಗಾರ ಬೆಟರೆಜ್, ಕಳ್ಳನನ್ನು ಹುಡುಕುವ ನಡುವೆಯೂ ಗುಲಾಬಿ ತೋಟದ ಕಾಲುದಾರಿಗೆ ಹುಲ್ಲು ಮೇಲೋ ಜಲ್ಲಿ ಮೇಲೋ ಎಂದು ತೋಟಗಾರನೊಡನೆ ವಾದಿಸುವ ಸಾರ್ಜೆಂಟ್ ಕಫ್, ಇವರ ಸಹವಾಸದಲ್ಲಿ ಹೊತ್ತು ಹೋದದ್ದೇ ತಿಳಿಯದು. ಹುಟ್ಟುಹಬ್ಬದ ರಾತ್ರಿ ರೇಚಲ್ ಎಂಬ ಕನ್ಯೆಯ ಕೋಣೆಯಿಂದ ವಜ್ರ ಮಾಯವಾಗುತ್ತದೆ. ಮುಂದೆ ರಹಸ್ಯವನ್ನು ಬಯಲು ಮಾಡದೆ ವಿಮರ್ಶಿಸಲಾಗದು. ಸ್ವತಃ ಓದಬಯಸುವ ವಾಚಕರು ಇಲ್ಲಿಗೇ ನಿಲ್ಲಿಸಬಹುದು.

ವಜ್ರವನ್ನು ತೆಗೆದವನು ಅದನ್ನು ಹುಡುಕಲು ಎಲ್ಲರಿಗಿಂತ ಹೆಚ್ಚು ಶ್ರಮಿಸಿದ ಫ್ರಾಂಕ್ಲಿನ್ ಬ್ಲೇಕನೇ. ವೈದ್ಯನೊಬ್ಬ ಅವನಿಗೆ ತಿಳಿಯದಂತೆ ಅಫೀಮು ಕುಡಿಸಿದ್ದ. ಆ ಮಂಪರಿನಲ್ಲಿ, ವಜ್ರವನ್ನು ಸುರಕ್ಷಿತವಾಗಿಡುವ ಚಿಂತೆಯಿಂದಲೇ ಅವನು ತೆಗೆದ. ಈ ತಿರುವು ತುಸು ಕೃತಕವೆಂಬುದು ನಿಜ. ಆದರೂ ಪ್ರಮಾದಯೋಗವಿಲ್ಲದೆ ಕೈಗೆ ಬಂದ ಅದತ್ತವಸ್ತು ಸ್ತೇಯವೇ ಎಂಬ ತತ್ತ್ವಾರ್ಥಸೂತ್ರದ ಚರ್ಚೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನಿಜವಾದ ಕಳ್ಳ ಗಾಡ್‌ಫ್ರೇ ಏಬಲ್‌ವೈಟ್. ಧರ್ಮಸಂಸ್ಥೆಗಳ ಸಭೆಗಳಲ್ಲಿ ಕಣ್ಣೀರು ತರಿಸುವ ಭಾಷಣಕಾರ. ಒಬ್ಬ ಬಾಲಕನ ಇಪ್ಪತ್ತು ಸಾವಿರ ಪೌಂಡುಗಳಿಗೆ ಟ್ರಸ್ಟಿಯಾಗಿದ್ದು, ಇನ್ನೊಬ್ಬ ಟ್ರಸ್ಟಿಯ ಸಹಿಯನ್ನು ತಾನೇ ಹಾಕಿ ಹಣವನ್ನೆಲ್ಲ ನುಂಗಿದ್ದಾನೆ. ಆ ರಾತ್ರಿ ಮಂಪರಿನ ಬ್ಲೇಕ್ ಬ್ಯಾಂಕಿನಲ್ಲಿಡಲೆಂದು ವಜ್ರವನ್ನು ಕೊಟ್ಟದ್ದು ಇವನ ಕೈಗೇ. ಅದನ್ನು ಲೂಕರ್ ಎಂಬ ಲೇವಾದೇವಿಗಾರನಲ್ಲಿ ಎರಡು ಸಾವಿರ ಪೌಂಡಿಗೆ ಗಿರವಿ ಇಡುತ್ತಾನೆ. ಲೂಕರನದು ತದಾಹೃತಾದಾನ, ಅಂದರೆ ಕದ್ದದ್ದನ್ನು ಕೊಳ್ಳುವ ಅತಿಚಾರ. ಶಿಡ್ಲಘಟ್ಟ, ಚಿಂತಾಮಣಿಗಳ ಪೇಟೆಯಲ್ಲಿ ಬಿಲ್ಲಿಲ್ಲದ ಅಗ್ಗದ ಸರಕು ಕಣ್ಣಮುಂದೆ ಬಂದಾಗ ನಮ್ಮವರೂ ಮೂಲವನ್ನು ವಿಚಾರಿಸುವುದಿಲ್ಲ.

ಏಬಲ್‌ವೈಟನ ದೋಷ ಇದಕ್ಕಿಂತ ಸೂಕ್ಷ್ಮ. ನ್ಯಾಸಾಪಹಾರ ಮತ್ತು ಕೂಟಲೇಖಕ್ರಿಯೆ, ಎಂದರೆ ಇಟ್ಟ ಗಂಟನ್ನು ನುಂಗುವುದು ಮತ್ತು ಸುಳ್ಳು ಪತ್ರ ಮಾಡುವುದು. ಇವೆರಡನ್ನೂ ಉಮಾಸ್ವಾತಿ ಆಚಾರ್ಯರು ಅಚೌರ್ಯವ್ರತದ ಕೆಳಗೆ ಹೇಳದೆ ಸತ್ಯವ್ರತದ ಅತಿಚಾರಗಳಲ್ಲಿ ಇಟ್ಟಿದ್ದಾರೆ. ಇದೇಕೆಂದು ಬಹುಕಾಲ ಯೋಚಿಸಿದ್ದೆ. ಇಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ ಅಷ್ಟೇ ಸರಿಯೆಂದು ಒಪ್ಪಿ ಕೊಡುವುದನ್ನು ಪೂಜ್ಯಪಾದರು ನ್ಯಾಸಾಪಹಾರವೆಂದು ವಿವರಿಸುತ್ತಾರೆ. ಅಲ್ಲಿ ಕೈ ಯಾವ ಪೆಟ್ಟಿಗೆಯನ್ನೂ ಮುರಿಯುವುದಿಲ್ಲ, ಮಾತೊಂದೇ ಮುರಿಯುತ್ತದೆ.

ಇಲ್ಲಿ ನನ್ನದೂ ಒಂದು ಮಾತಿದೆ. ಹಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಸಮಿತಿಯಲ್ಲಿದ್ದಾಗ, ಹಿರಿಯರೊಬ್ಬರ ಮೇಲಿನ ಗೌರವದಿಂದ ಖಾಲಿ ಚೆಕ್ಕುಗಳಿಗೆ ಎರಡನೆಯ ಸಹಿ ಹಾಕಿಕೊಡುತ್ತಿದ್ದೆ. ಠೇವಣಿಯ ಹಣ ಕೆಲವು ತಿಂಗಳು ಬೇರೊಬ್ಬರ ವ್ಯಾಪಾರದಲ್ಲಿ ಸುತ್ತಾಡಿ ಮರಳಿತು. ಯಾರಿಗೂ ನಷ್ಟವಾಗಲಿಲ್ಲ, ಯಾರೂ ಕೇಳಲೂ ಇಲ್ಲ. ಏಬಲ್‌ವೈಟ್ ಎರಡನೆಯ ಸಹಿಯನ್ನು ಕದಿಯಬೇಕಾಯಿತು. ನಮ್ಮಲ್ಲಿ ನಾನೇ ಕೊಟ್ಟಿದ್ದೆ. ಬ್ಲೇಕನಿಗಿದ್ದ ಅಫೀಮಿನ ನೆಪವೂ ನನಗಿಲ್ಲ. ಮೊದಲ ಓದಿನಲ್ಲಿ ನಗುತ್ತ ದಾಟಿದ್ದ ಆ ಅಧ್ಯಾಯವನ್ನು ಈ ಸಲ ನಗದೆ ಓದಿದೆ. ದುಃಶ್ರುತಿಯ ಆಕ್ಷೇಪಕ್ಕೆ ನನ್ನಲ್ಲಿರುವ ಉತ್ತರ ಇಷ್ಟೇ.

ಕೃತಿಯ ಕೊರತೆಯನ್ನೂ ಹೇಳಬೇಕು. ವಜ್ರದ ಬೆನ್ನುಹತ್ತಿ ಬರುವ ಮೂವರು ಬ್ರಾಹ್ಮಣರು ಕೊನೆಯವರೆಗೂ ನೆರಳುಗಳಾಗಿಯೇ ಉಳಿಯುತ್ತಾರೆ. ಮಿಸ್ ಕ್ಲ್ಯಾಕಳ ಭಾಗವನ್ನು ಬೇಗ ಬೇಗ ದಾಟಬಹುದು. ಇದಕ್ಕಿಂತ ದೊಡ್ಡ ಕೊರತೆ ವಡ್ಡಾರಾಧನೆಯ ವಿದ್ಯುಚ್ಚೋರನ ಪಕ್ಕದಲ್ಲಿಟ್ಟು ನೋಡಿದಾಗ ಕಾಣುತ್ತದೆ. ಅಲ್ಲಿಯೂ ಅರಸನ ಹಾರ ಕಳವಾಗುತ್ತದೆ. ತಳಾರ ಯಮದಂಡನಿಗೆ ಗಡುವು ಬೀಳುತ್ತದೆ. ಹಗಲು ಕುಷ್ಠರೋಗಿಯ ವೇಷದಲ್ಲಿರುವವನೇ ಕಳ್ಳ. ಸಾವಿರ ವರ್ಷಗಳ ಹಿಂದಿನ ಕನ್ನಡದಲ್ಲಿ ಇಷ್ಟೊಂದು ಪತ್ತೇದಾರಿ! ಆದರೆ ಕಳ್ಳ ಸಿಕ್ಕಲ್ಲಿಗೆ ಆ ಕಥೆ ಮುಗಿಯುವುದಿಲ್ಲ. ಅವನು ಮುನಿಯಾಗಿ ಉಪಸರ್ಗ ಸಹಿಸುವವರೆಗೆ ಸಾಗುತ್ತದೆ. ಕಾಲಿನ್ಸನ ಏಬಲ್‌ವೈಟ್ ಪತ್ತೆಯಾಗುವ ಹೊತ್ತಿಗೆ ಹೆಣವಾಗಿದ್ದಾನೆ. ಹಿಂದೆ ಕದ್ದು, ಶಿಕ್ಷೆ ಅನುಭವಿಸಿ, ಪಶ್ಚಾತ್ತಾಪಪಟ್ಟು ಬದುಕಲು ಹೆಣಗುವವಳು ಇಡೀ ಕಾದಂಬರಿಯಲ್ಲಿ ಸೇವಕಿ ರೊಸಾನಾ ಒಬ್ಬಳೇ. ಅವಳಿಗೆ ಕಾದಂಬರಿಕಾರ ಕೊಟ್ಟದ್ದು ಕಡಲತೀರದ ಉಸುಬು ಮರಳನ್ನು.