ಸಾಹಿತ್ಯ ಪ್ರಕಾರಗಳ ಅಭ್ಯಾಸವೂ ಕಾಲೇಜಿನ ಪಾಠಕ್ರಮವೂ

ಕವಿತೆ, ಸಣ್ಣ ಕಥೆ, ನಾಟಕ, ಪ್ರಬಂಧ ಮೊದಲಾದ ಹಲವು ಪ್ರಕಾರಗಳ ರಚನೆಯನ್ನು ಒಂದೇ ಪಾಠಕ್ರಮದಲ್ಲಿ ಕಲಿಸುವ ಪದ್ಧತಿಯು ಈಗ ಕಾಲೇಜುಗಳಲ್ಲಿ ಬಳಕೆಗೆ ಬಂದಿದೆ. ಇದನ್ನು ಕುರಿತು ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ ಒಂದೇ: ಬರೆಯುವುದನ್ನು ಕಲಿಸಲು ಸಾಧ್ಯವೆ? ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಹಲವು ಪ್ರಕಾರಗಳನ್ನು ಒಟ್ಟಿಗೆ ಅಭ್ಯಾಸಮಾಡುವುದರಿಂದ ವಿದ್ಯಾರ್ಥಿಗೆ ದೊರೆಯತಕ್ಕ ಅರಿವು ಯಾವುದು? ಸಾಹಿತ್ಯದ ಅಧ್ಯಾಪಕರಿಗಷ್ಟೇ ಅಲ್ಲದೆ ಇತಿಹಾಸವನ್ನು ಬೋಧಿಸುವವರಿಗೂ ಈ ಪ್ರಶ್ನೆ ಸಂಬಂಧಿಸಿದುದೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲ ಪ್ರಶ್ನೆಗೆ ನಮ್ಮ ಆಲಂಕಾರಿಕರು ಎಂದೋ ಉತ್ತರವಿತ್ತಿದ್ದಾರೆ. ಶಕ್ತಿ, ನಿಪುಣತೆ, ಅಭ್ಯಾಸ ಈ ಮೂರೂ ಕೂಡಿ ಕಾವ್ಯಕ್ಕೆ ಕಾರಣವೆಂಬುದು ಮಮ್ಮಟನ ಮತ. ದಂಡಿಯು ಇನ್ನೂ ಉದಾರಿ; ಹುಟ್ಟಿನಿಂದ ಬಂದ ಪ್ರತಿಭೆಯಿಲ್ಲದವನೂ ವ್ಯಾಸಂಗದಿಂದ, ಪ್ರಯತ್ನದಿಂದ ವಾಗ್ದೇವಿಯ ಅನುಗ್ರಹಕ್ಕೆ ಒಂದಿಷ್ಟಾದರೂ ಪಾತ್ರನಾಗುವನೆಂದು ಅವನು ಭರವಸೆ ಕೊಡುತ್ತಾನೆ. ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿ 9ನೆಯ ಶತಮಾನದಲ್ಲಿ ರಚಿತವಾದ ಕವಿರಾಜಮಾರ್ಗವು ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದು. ಅದೂ ಬರೆಯುವವನಿಗೆ ಗುಣದೋಷಗಳನ್ನು ತಿಳಿಸಿಕೊಡುವ ಗ್ರಂಥವೇ. ಪಾಶ್ಚಾತ್ಯರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯವು ಸೃಜನಾತ್ಮಕ ಕೃತಿಯನ್ನು ಉನ್ನತ ಪದವಿಯ ಪ್ರಬಂಧವಾಗಿ ಸ್ವೀಕರಿಸಲು 1922ರಲ್ಲಿ ನಿಶ್ಚಯಿಸಿತು. ಅಲ್ಲಿಯ ಪ್ರಸಿದ್ಧ ಲೇಖಕರ ಕಾರ್ಯಾಗಾರವು 1936ರಲ್ಲಿ ಆರಂಭವಾಯಿತು. ಆದುದರಿಂದ ಬರವಣಿಗೆಯ ಬೋಧನೆ ಹೊಸ ಸಾಹಸವೇನೂ ಅಲ್ಲ.

ದೋಷವಿರುವುದು ಬೋಧನೆಯ ಕ್ರಮದಲ್ಲಿ. ಕವಿತೆಗೆ ಕೆಲವು ವಾರ, ಕಥೆಗೆ ಕೆಲವು ವಾರ, ನಾಟಕಕ್ಕೆ ಉಳಿದ ಕೆಲವು ವಾರ ಎಂದು ಕಾಲವನ್ನು ಹಂಚಿ, ಒಂದೊಂದರ ಲಕ್ಷಣವನ್ನೂ ಹೇಳಿ, ಮಾದರಿಯೊಂದನ್ನು ಬರೆಯಿಸಿ ಮುಂದೆ ಸಾಗಿದರೆ ವಿದ್ಯಾರ್ಥಿಗೆ ಪ್ರಕಾರವೆಂಬುದು ಸಿದ್ಧವಾದ ಅಚ್ಚಿನಂತೆ ತೋರುತ್ತದೆ. ಪ್ರತಿಯೊಂದು ಅಚ್ಚಿಗೂ ಬೇರೆ ವಸ್ತುವನ್ನು ಸುರಿಯುವುದರಿಂದ ಒಂದು ಪ್ರಕಾರಕ್ಕೂ ಇನ್ನೊಂದಕ್ಕೂ ಇರುವ ನಿಜವಾದ ಅಂತರ ಅವನ ಅನುಭವಕ್ಕೆ ಬರುವುದೇ ಇಲ್ಲ. ಅಂತರ ಕಾಣಬೇಕಾದರೆ ವಸ್ತು ಒಂದೇ ಆಗಿದ್ದು ಪ್ರಕಾರ ಮಾತ್ರ ಬದಲಾಗಬೇಕು.

ಇದಕ್ಕೆ ಶಾಸನದಿಂದಲೇ ಒಂದು ನಿದರ್ಶನವನ್ನು ಕೊಡಬಹುದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿದ ಪ್ರಸಿದ್ಧ ಶಾಸನವು ಶಕವರ್ಷ 872ರದು, ಎಂದರೆ ಕ್ರಿ.ಶ. 949–50ರದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಹೋರಿದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಸೇವಕನಾದ ಮಣಲೇರನು ತನ್ನ ಪರಾಕ್ರಮವನ್ನು ಮೆಚ್ಚಿದ ಒಡೆಯನಲ್ಲಿ ಕಾಳಿಯೆಂಬ ಬೇಟೆನಾಯನ್ನು ಬೇಡಿ ಪಡೆದನು. ಆ ನಾಯಿಯು ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಈ ಒಂದೇ ಕಲ್ಲಿನಲ್ಲಿ ಕಾಲನಿರ್ದೇಶವಿದೆ, ಬಿರುದುಗಳ ಸಾಲಿದೆ, ಪ್ರಶಸ್ತಿಯ ಪದ್ಯಗಳಿವೆ, ಕಥೆಯಿದೆ, ದಾನದ ವಿವರವಿದೆ, ಕಲ್ಲಿನ ಪೂಜೆಯನ್ನು ತಪ್ಪಿಸಿದವನಿಗೆ ತಟ್ಟುವ ಪಾಪದ ಎಚ್ಚರಿಕೆಯಿದೆ. ಮೇಲ್ಗಡೆ ನಾಯಿಹಂದಿಗಳ ಶಿಲ್ಪವೂ ಇದೆ.

ವಿದ್ಯಾರ್ಥಿಯು ಈ ವಸ್ತುವನ್ನು ಕಥೆಯಾಗಿ ಬರೆಯಲಿ. ಬೇರಾವುದನ್ನೂ ಬಯಸದೆ ನಾಯನ್ನೇ ಬೇಡಿದವನ ಮನಸ್ಸು ಎಂಥದೆಂದು ಅವನು ಕಲ್ಪಿಸಲೇಬೇಕಾಗುತ್ತದೆ. ನಾಟಕವಾಗಿ ಬರೆಯಲಿ, ಆ ಮನಸ್ಸನ್ನು ವಿವರಿಸುವ ಸೌಕರ್ಯ ತಪ್ಪಿ, ಬೂತುಗನೆದುರಿನಲ್ಲಿ ಮಣಲೇರನಾಡುವ ಮಾತಿನಲ್ಲಿಯೋ ಮೌನದಲ್ಲಿಯೋ ಅದು ವ್ಯಕ್ತವಾಗಬೇಕು. ಕೊನೆಗೆ ಇತಿಹಾಸದ ಒಂದು ಪುಟವಾಗಿ ಬರೆಯಲಿ. ಶಾಸನ ಹೇಳದ ಆ ಮನಸ್ಸನ್ನು ಕುರಿತು ಅವನು ಸುಮ್ಮನಿರಬೇಕು. ಪ್ರಕಾರವೆಂಬುದು ಹೊರಗಿನ ಆಕಾರವಲ್ಲ. ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬುದನ್ನು ಕುರಿತು ಬರೆಯುವವನಿಗೂ ಓದುವವನಿಗೂ ನಡುವೆ ಇರುವ ಒಪ್ಪಂದ. ಈ ತತ್ತ್ವವನ್ನು ಉಪನ್ಯಾಸದಿಂದ ತಿಳಿಸುವುದು ಕಷ್ಟ. ಮೂರು ಸಾರಿ ಬರೆದವನಿಗೆ ಅದು ತಾನಾಗಿ ತಿಳಿಯುತ್ತದೆ.

ಇತಿಹಾಸದ ವಿದ್ಯಾರ್ಥಿಗೆ ಈ ತಿಳಿವಳಿಕೆ ಅಲಂಕಾರವಲ್ಲ, ಅವಶ್ಯಕತೆ. ರಾಜಾದಿತ್ಯನ ಮರಣವನ್ನೇ ನೋಡಬಹುದು. ಚೋಳರ ಶಾಸನಗಳು ಅವನನ್ನು ಆನೆಯ ಮೇಲೆ ಮಡಿದ ವೀರನೆಂದು ಕೀರ್ತಿಸುತ್ತವೆ. ಬೂತುಗನು ಅವನನ್ನು ಕೊಂದ ಬಗೆಯನ್ನು ತಿಳಿಸುವ ಆತಕೂರಿನ ಮಾತಿನಲ್ಲಿ ಕೆಲವು ವಿದ್ವಾಂಸರು ವಂಚನೆಯನ್ನು ಕಂಡಿದ್ದಾರೆ, ಕೆಲವರು ಕಂಡಿಲ್ಲ. ಪ್ರಶಸ್ತಿಯು ಯಾರ ಪರವಾಗಿ, ಯಾರ ಮುಂದೆ, ಯಾವ ಸಂದರ್ಭದಲ್ಲಿ ನುಡಿಯುತ್ತದೆಂಬುದನ್ನು ಅರಿಯದವನು ಈ ಹೇಳಿಕೆಗಳನ್ನು ತೂಗಲಾರನು. ತಾನೇ ಒಂದು ಪ್ರಶಸ್ತಿಯನ್ನು ಬರೆಯಲು ಪ್ರಯತ್ನಿಸಿದವನು ಹೊಗಳಿಕೆಯ ಮಾತನ್ನು ವರದಿಯೆಂದು ಸುಲಭವಾಗಿ ನಂಬುವುದಿಲ್ಲ.

ಕನ್ನಡದ ಸಾಹಿತ್ಯಚರಿತ್ರೆಯಲ್ಲಿಯೂ ಇದಕ್ಕೆ ಪ್ರಮಾಣವುಂಟು. ರನ್ನನ ಚಂಪೂಕಾವ್ಯಕ್ಕೆ ಸಾಹಸಭೀಮವಿಜಯ, ಗದಾಯುದ್ಧ ಎಂದು ಎರಡು ಹೆಸರುಗಳು. ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸುವುದು ಕವಿಯ ಸಂಕಲ್ಪ. ಬಿ.ಎಂ. ಶ್ರೀಕಂಠಯ್ಯನವರು ಅದೇ ಕಾವ್ಯವನ್ನು ನಾಟಕಕ್ಕೆ ಅಳವಡಿಸಿದಾಗ ಎರಡನೆಯ ಹೆಸರನ್ನು ಮಾತ್ರ ಉಳಿಸಿಕೊಂಡು ಗದಾಯುದ್ಧ ನಾಟಕಂ ಎಂದು ಕರೆದರು, ದುರ್ಯೋಧನನು ದುರಂತನಾಯಕನಾದನು. ವಸ್ತು ಅದೇ, ಆದರೆ ರಾಜಸಭೆಯ ಕಾವ್ಯಕ್ಕೆ ಅಗತ್ಯವಾಗಿದ್ದ ವಿಜಯವು ರಂಗಭೂಮಿಯ ದುರಂತಕ್ಕೆ ಅಗತ್ಯವಾಗಲಿಲ್ಲ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿಸುವುದಕ್ಕಿಂತ ಉತ್ತಮವಾದ ಪಾಠ ಬೇರೊಂದಿರಲಾರದು.

ಇಂಥ ಅಭ್ಯಾಸದಿಂದ ಕವಿಗಳು ಹುಟ್ಟುವರೆ ಎಂಬ ಆಕ್ಷೇಪಕ್ಕೆ, ಹುಟ್ಟದಿದ್ದರೂ ನಷ್ಟವಿಲ್ಲವೆಂಬುದೇ ಉತ್ತರ. ಅಂಕಗಳನ್ನು ಕೊಡುವುದು ಹೇಗೆಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಪ್ರತಿಭೆಯನ್ನು ಅಳೆಯಲು ಹೊರಟರೆ ಪರೀಕ್ಷಕನು ಸೋಲುವುದು ಖಂಡಿತ. ಆದರೆ ಒಂದು ಪ್ರಕಾರದಿಂದ ಇನ್ನೊಂದಕ್ಕೆ ಹೋಗುವಾಗ ವಿದ್ಯಾರ್ಥಿಯು ಏನನ್ನು ಬಿಟ್ಟನು, ಏನನ್ನು ಸೇರಿಸಿದನು, ಏಕೆ, ಎಂಬುದನ್ನು ಅವನಿಂದಲೇ ಬರೆಯಿಸಿ ಪರಿಶೀಲಿಸಬಹುದು. ಅದು ವಿವೇಚನೆಯ ಪರೀಕ್ಷೆ, ನ್ಯಾಯವಾಗಿ ನಡೆಯಬಲ್ಲ ಪರೀಕ್ಷೆ.

ಒಟ್ಟಿನಲ್ಲಿ, ಪಾಠಕ್ರಮದಲ್ಲಿ ಪ್ರಕಾರಗಳ ಸಂಖ್ಯೆಯನ್ನು ಹೆಚ್ಚಿಸುವುದಕ್ಕಿಂತ ವಸ್ತುಗಳ ಸಂಖ್ಯೆಯನ್ನು ಕಡಮೆಮಾಡುವುದು ಮೇಲು. ಒಂದು ಶಾಸನ, ಒಂದು ಕಾವ್ಯಭಾಗ, ಇಷ್ಟಿದ್ದರೆ ಒಂದು ವರ್ಷದ ಅಭ್ಯಾಸಕ್ಕೆ ಸಾಕು. ಸಾಹಿತ್ಯ ಮತ್ತು ಇತಿಹಾಸ ವಿಭಾಗಗಳ ಅಧ್ಯಾಪಕರು ಕೂಡಿ ಇಂಥ ತರಗತಿಯನ್ನು ನಡೆಸುವುದು ಉಚಿತ.