ಪನ್ಹಾಳದ ಅಂಧಾರ ಬಾವಡಿ

ಪನ್ಹಾಳಗಡವನ್ನು ಕಟ್ಟಿಸಿದವನು ಕೊಲ್ಹಾಪುರದ ಶಿಲಾಹಾರ ದೊರೆ ಇಮ್ಮಡಿ ಭೋಜ, 12ನೆಯ ಶತಮಾನದ ಕೊನೆಯಲ್ಲಿ. ಇಂದು ಕಣ್ಣಿಗೆ ಬೀಳುವ ಗೋಡೆ, ದರವಾಜೆ, ಕೋಠಿಗಳಲ್ಲಿ ಹೆಚ್ಚಿನವು ಬಿಜಾಪುರದ ಆದಿಲಶಾಹಿಗಳವು. 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹನ್ನೆರಡು ಮರಾಠಾ ಕೋಟೆಗಳಲ್ಲಿ ಇದೂ ಒಂದು. ನಿಪ್ಪಾಣಿ, ಚಿಕ್ಕೋಡಿಯವರು ಹೆದ್ದಾರಿ ಹಿಡಿದು ಕೊಲ್ಹಾಪುರದ ಮೇಲೆ, ಕಾಗವಾಡ, ಅಥಣಿಯವರು ಮಿರಜ ಮೇಲೆ, ಒಂದೇ ದಿನದಲ್ಲಿ ಹೋಗಿ ಬರಬಹುದು.

ಆ ದಿನದ ಮೊದಲ ತಾಸು ಅಂಧಾರ ಬಾವಡಿ ಎಂಬ ಕತ್ತಲ ಬಾವಿಗೆ ಸಲ್ಲಬೇಕು. ತೀನ್ ದರವಾಜೆಯ ಕೆತ್ತನೆ ನೋಡಿದವರು ಹತ್ತಿರದಲ್ಲೇ ಇರುವ ಇದಕ್ಕೆ ಇಣುಕಿ ಹಾಕಿ ಹೊರಟುಬಿಡುತ್ತಾರೆ. ಮುತ್ತಿಗೆ ಹಾಕಿದ ದಂಡು ಮೊದಲು ಕೈಯಿಡುತ್ತಿದ್ದುದು ನೀರಿಗೆ. ನೀರು ಕೆಟ್ಟರೆ ಗೋಡೆ ಎಷ್ಟು ದಪ್ಪವಿದ್ದರೇನು? ಅದಕ್ಕೇ ಬಾವಿಯನ್ನು ಮೂರು ಅಂತಸ್ತಿನ ಕಟ್ಟಡದೊಳಗೆ ಅಡಗಿಸಿದರು. ಸುತ್ತಿ ಇಳಿಯುವ ಮೆಟ್ಟಿಲು, ತಳದಲ್ಲಿ ನೀರು, ಗೋಡೆಯಲ್ಲಿ ಕಾವಲಿನವರು ನಿಲ್ಲುವಷ್ಟು ಗೂಡು, ಕೋಟೆಯಾಚೆಗೆ ಗುಪ್ತದಾರಿ. ಗಡದೊಳಗೆ ಇನ್ನೊಂದು ಗಡ.

ಈ ಗುಪ್ತದಾರಿಯನ್ನೇ ಎಳೆದು ಹರದಾರಿಗಟ್ಟಲೆ ಸುರಂಗ ಮಾಡುವ ಕಥೆಗಾರರು ಎಲ್ಲ ಕೋಟೆಗಳಲ್ಲೂ ಸಿಗುತ್ತಾರೆ. ಅವರ ಮಾತು ಒಪ್ಪುವಂಥದ್ದಲ್ಲ. 1660ರಲ್ಲಿ ಆದಿಲಶಾಹಿ ಸೇನಾನಿ ಸಿದ್ದಿ ಜೌಹರನ ಮುತ್ತಿಗೆಯಿಂದ ಶಿವಾಜಿ ಹೊರಬಿದ್ದದ್ದು ಜುಲೈ ತಿಂಗಳ ಮಳೆಯ ರಾತ್ರಿ, ರಾಜದಿಂಡಿ ಬುರುಜಿನಿಂದ, ವಿಶಾಳಗಡದತ್ತ, ನೆಲದ ಮೇಲೆಯೇ. ಬೆನ್ನಟ್ಟಿದವರನ್ನು ಕಣಿವೆಯಲ್ಲಿ ತಡೆದು ಶಿವಾಜಿಯ ಸರದಾರ ಬಾಜಿ ಪ್ರಭು ಪ್ರಾಣ ಕೊಟ್ಟ. ಅಂಥ ಸುರಂಗವಿದ್ದಿದ್ದರೆ ಆ ಪ್ರಾಣ ಹೋಗಬೇಕಿರಲಿಲ್ಲ. ಆದಿಲಶಾಹಿಗಳು ಸುರಂಗ ಕೊರೆಸಿದ್ದುಂಟು, ತೊರವಿಯಿಂದ ಬಿಜಾಪುರಕ್ಕೆ, ಅದೂ ನೀರು ತರಲು.

ನೀರಾದ ಮೇಲೆ ಕಾಳು. ಅಂಬರಖಾನೆಯಲ್ಲಿ ಗಂಗಾ, ಯಮುನಾ, ಸರಸ್ವತಿ ಎಂಬ ಮೂರು ಕಣಜಗಳಿದ್ದು, ಗಂಗಾ ಕೋಠಿಯೇ ದೊಡ್ಡದು. ಅದರ ಎರಡು ಬದಿಗೂ ಮಾಳಿಗೆ ಏರುವ ಮೆಟ್ಟಿಲುಗಳಿವೆ. ಒಳಗೆ ಹದಿನಾರು ಅಂಕಣ, ಪ್ರತಿ ಅಂಕಣದ ಚಾವಣಿಯ ನೆತ್ತಿಯಲ್ಲಿ ಒಂದು ಕಿಂಡಿ. ಹಗೇವಿಗೆ ಬಾಯಿಯಿಂದ ಜೋಳ ಸುರಿದ ಹಾಗೆ ಆ ಕಿಂಡಿಯಿಂದ ಕಾಳು ಸುರಿಯುತ್ತಿದ್ದರು. ನಾಲ್ಕು ತಿಂಗಳು ಸುತ್ತುವರಿದರೂ ಜೌಹರನಿಗೆ ಗಡ ಒಲಿಯಲಿಲ್ಲ. ಕೊನೆಗೆ ಅದು ಕೈಬದಲಾದದ್ದು ಒಪ್ಪಂದದಿಂದ.

ಕೋಟೆಯ ಅಂಚಿನ ಸಜ್ಜಾ ಕೋಠಿಯ ಗಾಳಿಗೆ ಸಂಜೆ ಇದ್ದೇ ಇದೆ. ಬಾವಡಿಗೆ ಇಳಿಯುವವರು ಬ್ಯಾಟರಿ ಒಯ್ಯಬೇಕು, ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತವೆ.